ಮಧ್ಯಯುಗ ಮುಗಿದದ್ದು ಒಂದೇ ಬೆಳಗಿನಲ್ಲಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ, ಹದಿನಾರನೆಯ ಶತಮಾನದಲ್ಲಿ ಕ್ಯಾಥೊಲಿಕ್ ಚರ್ಚಿನಿಂದ ಪ್ರೊಟೆಸ್ಟೆಂಟರು ಬೇರೆಯಾದ ಯುರೋಪಿನ ಧರ್ಮಸುಧಾರಣೆಯನ್ನು ಕುರಿತ ಲೇಖನವನ್ನು ಆಸಕ್ತಿಯಿಂದ ಓದಿದೆ. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾಯಿತು, ಗ್ರೀಕ್ ವಿದ್ವಾಂಸರು ಇಟಲಿಗೆ ಓಡಿಬಂದರು, ಅವರ ಬೆನ್ನಿಗೇ ವಿದ್ಯೆ ಬಂತು, ಮುದ್ರಣಯಂತ್ರ ಬಂತು, ಚರ್ಚಿನ ಹಿಡಿತ ಸಡಿಲಿ ಕತ್ತಲ ಯುಗ ಕೊನೆಗೊಂಡಿತು ಎಂಬ ಕ್ರಮದಲ್ಲಿ ಲೇಖಕರು ಕಥೆಯನ್ನು ಹೇಳಿದ್ದಾರೆ. ಮೂವತ್ತು ವರ್ಷ ತರಗತಿಯಲ್ಲಿ ಇದೇ ಕಥೆಯನ್ನು ಇದೇ ಕ್ರಮದಲ್ಲಿ ಮಕ್ಕಳಿಗೆ ಬರೆಸಿದವನು ನಾನು. ಆದ್ದರಿಂದ ಈ ಆಕ್ಷೇಪಣೆಯಲ್ಲಿ ಪ್ರಾಯಶ್ಚಿತ್ತದ ಪಾಲೂ ಇದೆ.

ಫ್ಲಾರೆನ್ಸ್ ನಗರ ಮ್ಯಾನುಯೆಲ್ ಕ್ರಿಸೊಲೊರಾಸ್ ಎಂಬ ವಿದ್ವಾಂಸನನ್ನು ಗ್ರೀಕ್ ಕಲಿಸಲು ಕರೆಸಿಕೊಂಡದ್ದು 1397ರಲ್ಲಿ, ಎಂದರೆ ಕಾನ್‌ಸ್ಟಾಂಟಿನೋಪಲ್ ಬೀಳುವುದಕ್ಕೆ ಅರ್ಧ ಶತಮಾನಕ್ಕೂ ಮೊದಲು. 1440ರಲ್ಲಿ ಇಟಲಿಯ ವಿದ್ವಾಂಸ ಲೊರೆಂಜೊ ವಲ್ಲಾ, ಚಕ್ರವರ್ತಿ ಕಾನ್‌ಸ್ಟಂಟೈನ್ ಪಶ್ಚಿಮದ ಅಧಿಕಾರವನ್ನೆಲ್ಲ ಪೋಪರಿಗೆ ದಾನ ಕೊಟ್ಟನೆನ್ನುವ ಪ್ರಸಿದ್ಧ ದಾನಪತ್ರ ಖೊಟ್ಟಿಯೆಂದು ತೋರಿಸಿಕೊಟ್ಟ. ಅವನು ಹಿಡಿದದ್ದು ಭಾಷೆಯ ಜಾಡನ್ನು. ನಾಲ್ಕನೆಯ ಶತಮಾನದ ರೋಮನ್ ಚಕ್ರವರ್ತಿ ತನ್ನ ಅಧಿಕಾರಿಗಳನ್ನು ಪರ್ಷಿಯಾದವರಂತೆ ‘ಸತ್ರಪ’ರೆಂದು ಕರೆದಾನೆಯೇ ಎಂದು ಅವನು ಕೇಳಿದ. ಇಷ್ಟಾದ ಮೇಲೂ ಕೆಲವೇ ವರ್ಷಗಳಲ್ಲಿ ಅವನಿಗೆ ಪೋಪರ ಆಸ್ಥಾನದಲ್ಲಿಯೇ ಕೆಲಸ ಸಿಕ್ಕಿತು. ಲೇಖನ ಚಿತ್ರಿಸುವ ಕಬ್ಬಿಣದ ಕೋಟೆಯಂಥ ಚರ್ಚಿನಲ್ಲಿ ಇದು ನಡೆಯುವ ಸಂಗತಿಯಲ್ಲ.

ಮುದ್ರಣಯಂತ್ರ ಹುಟ್ಟಿದ್ದೇ ಚರ್ಚಿನ ವಿರುದ್ಧ ಎಂಬ ಧ್ವನಿಯೂ ಲೇಖನದಲ್ಲಿದೆ. ಜರ್ಮನಿಯ ಮೈನ್ಸ್ ನಗರದಲ್ಲಿ ಬಿಡಿ ಅಚ್ಚುಮೊಳೆಗಳಿಂದ ಮುದ್ರಿತವಾಗಿ, ಇಸವಿ ನಮೂದಾಗಿ ಉಳಿದಿರುವ ಅತ್ಯಂತ ಹಳೆಯ ಹಾಳೆಗಳು 1454ರ ಪಾಪವಿಮೋಚನಾ ಪತ್ರಗಳು, ಎಂದರೆ ಹಣ ಕೊಟ್ಟವರಿಗೆ ಪಾಪದ ಶಿಕ್ಷೆಯಿಂದ ವಿನಾಯಿತಿ ಕೊಡುವ ಚರ್ಚಿನ ಪತ್ರಗಳು. ತುರ್ಕರ ವಿರುದ್ಧ ಸೈಪ್ರಸ್ ದ್ವೀಪದ ರಕ್ಷಣೆಗೆ ಹಣ ಎತ್ತಲು ಅವುಗಳನ್ನು ಅಚ್ಚುಹಾಕಿಸಲಾಗಿತ್ತು. ಒಕ್ಕಣೆಯೆಲ್ಲ ಅಚ್ಚಿನಲ್ಲಿ, ಪಡೆದವರ ಹೆಸರಿಗೂ ತಾರೀಖಿಗೂ ಮಾತ್ರ ಖಾಲಿ ಜಾಗ, ಅದನ್ನು ಗುಮಾಸ್ತ ಶಾಯಿಯಿಂದ ತುಂಬಬೇಕು. ಇಂದು ಎಲ್ಲ ಕಚೇರಿಗಳಲ್ಲೂ ನಾವು ತುಂಬಿಸುವ ಅರ್ಜಿಯ ನಮೂನೆಯ ಮೂಲಪುರುಷ ಬಹುಶಃ ಇದೇ ಇರಬೇಕು! ಮುಂದೆ ಧರ್ಮಸುಧಾರಣೆಗೆ ಚಾಲನೆ ಕೊಟ್ಟ ಮಾರ್ಟಿನ್ ಲೂಥರ್‌ನ ಕರಪತ್ರಗಳನ್ನು ಜರ್ಮನಿಯ ತುಂಬ ಹರಡಿದ ಯಂತ್ರ, ಅವನು ವಿರೋಧಿಸಿದ ಸರಕನ್ನು ಅವನು ಹುಟ್ಟುವ ಮೊದಲೇ ರಾಶಿರಾಶಿಯಾಗಿ ಅಚ್ಚುಹಾಕಿತ್ತು.

ಲೂಥರ್‌ನ ವಿಷಯಕ್ಕೆ ಬಂದರೆ, ಅವನು ಮಧ್ಯಯುಗದ ಹೊರಗೆ ನಿಂತು ಅದನ್ನು ಕೆಡವಿದವನಲ್ಲ. ಅಗಸ್ಟೀನಿಯನ್ ಸನ್ಯಾಸಿಯಾಗಿ, ವಿಟೆನ್‌ಬರ್ಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾಗಿ ಪಾಪವಿಮೋಚನಾ ಪತ್ರಗಳನ್ನು ಪ್ರಶ್ನಿಸಿ ಅವನು ಬರೆದ 95 ಪ್ರಮೇಯಗಳು ಲ್ಯಾಟಿನ್‌ನಲ್ಲಿದ್ದವು, ಮತ್ತು ವಿದ್ವಾಂಸರನ್ನು ವಾದಕ್ಕೆ ಕರೆಯುವ ಆ ಪದ್ಧತಿಯೇ ಮಧ್ಯಯುಗದ ವಿಶ್ವವಿದ್ಯಾಲಯಗಳ ಕೊಡುಗೆ. ಮೊದಲನೆಯ ಪ್ರಮೇಯ ನಿಂತಿರುವುದು ಕ್ರಿಸ್ತನ ಒಂದು ಮಾತಿನ ಮೇಲೆ. ಲ್ಯಾಟಿನ್ ಬೈಬಲ್ಲಿನಲ್ಲಿ ಅದನ್ನು ‘ಪ್ರಾಯಶ್ಚಿತ್ತ ಮಾಡಿಕೊಳ್ಳಿ’ ಎಂದೂ ಓದಿಕೊಳ್ಳಬಹುದಿತ್ತು. ಗ್ರೀಕ್ ಮೂಲದಲ್ಲಿ ಇದ್ದದ್ದು ‘ಮನಸ್ಸನ್ನು ತಿರುಗಿಸಿಕೊಳ್ಳಿ’ ಎಂಬ ಅರ್ಥದ ಪದ. ಮೊದಲನೆಯದಕ್ಕೆ ಪಾದ್ರಿ ಬೇಕು, ವಿಧಿ ಬೇಕು, ಕೊನೆಗೆ ಶುಲ್ಕವೂ ಬೇಕಾಗಬಹುದು. ಎರಡನೆಯದು ಬದುಕಿನುದ್ದಕ್ಕೂ ಒಳಗೇ ನಡೆಯಬೇಕಾದದ್ದು. ಈ ವ್ಯತ್ಯಾಸ ಲೂಥರ್‌ಗೆ ಮನದಟ್ಟಾದದ್ದು ಗ್ರೀಕ್ ಬಲ್ಲ ವಿದ್ವಾಂಸರಿಂದ. ಆ ವಿದ್ವಾಂಸರ ಪೈಕಿ ಎರಾಸ್ಮಸ್ 1516ರಲ್ಲಿ ಗ್ರೀಕ್ ಹೊಸ ಒಡಂಬಡಿಕೆಯನ್ನು ಬಾಸೆಲ್‌ನಲ್ಲಿ ಅಚ್ಚುಹಾಕಿಸಿದ್ದ. ಅದಕ್ಕೂ ಮುಂಚೆ, 1505ರಲ್ಲಿ, ಅದೇ ವಲ್ಲಾನ ಬೈಬಲ್ ಟಿಪ್ಪಣಿಗಳನ್ನು ಹುಡುಕಿ ಪ್ರಕಟಿಸಿದವನೂ ಅವನೇ. ವ್ಯಾಕರಣದ ತಕರಾರೊಂದು ಮೂರು ತಲೆಮಾರು ದಾಟಿ ಹೀಗೆ ಧರ್ಮದ ತಕರಾರಾಯಿತು.

ಲೇಖನ ಪೂರ್ತಿಯಾಗಿ ಬಿಟ್ಟುಬಿಟ್ಟಿರುವುದು ಸಾಮಾನ್ಯ ಜನರ ಅನುಭವವನ್ನು. ಸತ್ತವರ ಆತ್ಮಗಳು ಸ್ವರ್ಗಕ್ಕೆ ಸೇರುವ ಮುನ್ನ ಬೆಂದು ಶುದ್ಧವಾಗುವ ತಾಣವೊಂದಿದೆ, ಬದುಕಿರುವವರ ಪ್ರಾರ್ಥನೆ ಅವರಿಗೆ ನೆರವಾಗುತ್ತದೆ ಎಂಬ ನಂಬಿಕೆ ಹಣ ಕೀಳುವ ದಾರಿಯಾಗಿದ್ದುದು ನಿಜ. ಆದರೆ ತೀರಿಹೋದ ತಾಯಿಗಾಗಿ ಮಗ ಇನ್ನೂ ಏನಾದರೂ ಮಾಡಬಹುದಾದ ದಾರಿಯೂ ಅದೇ ಆಗಿತ್ತು. 1547ರಲ್ಲಿ ಇಂಗ್ಲೆಂಡಿನ ಸರ್ಕಾರ ಸತ್ತವರಿಗಾಗಿ ಪೂಜೆ ನಡೆಸುತ್ತಿದ್ದ ದತ್ತಿಗಳನ್ನೆಲ್ಲ ರದ್ದುಮಾಡಿ ಆಸ್ತಿಯನ್ನು ರಾಜನ ವಶಕ್ಕೆ ತೆಗೆದುಕೊಂಡಾಗ, ಆ ಮಗನ ಕೈಗೆ ಉಳಿದದ್ದು ನೆನಪು ಮಾತ್ರ. ಜ್ಯೂರಿಕ್‌ನಲ್ಲಿ 1524ರಲ್ಲಿ ಚರ್ಚುಗಳ ವಿಗ್ರಹ, ಚಿತ್ರಗಳನ್ನು ತೆಗೆಸಿ ಗೋಡೆಗಳಿಗೆ ಸುಣ್ಣ ಬಳಿಸಿದರು. ಓದು ಬಾರದವರಿಗೆ ಆ ಗೋಡೆಗಳೇ ಪುಸ್ತಕಗಳಾಗಿದ್ದವು.

ಮಾಟಗಾತಿಯರೆಂದು ಹೆಂಗಸರನ್ನು ಸುಟ್ಟದ್ದನ್ನು ಲೇಖಕರು ‘ಮಧ್ಯಯುಗದ ಮೌಢ್ಯ’ದ ಪಟ್ಟಿಯಲ್ಲಿ ಸೇರಿಸಿದ್ದಾರೆ. ಆ ಬೇಟೆ ಅತ್ಯಂತ ಉಗ್ರವಾಗಿದ್ದದ್ದು ಸುಮಾರು 1560ರಿಂದ 1650ರವರೆಗೆ, ಮುದ್ರಣವೂ ಸುಧಾರಣೆಯೂ ಬೇರೂರಿದ ನಂತರ, ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟೆಂಟ್ ನಾಡುಗಳೆರಡರಲ್ಲೂ.

ಕೊನೆಯದಾಗಿ, ಲೇಖನದ ಜೊತೆಗಿರುವ ಚಿತ್ರದ ಬಗ್ಗೆ ಒಂದು ಕೋರಿಕೆ. ಲೂಥರ್ ಸುತ್ತಿಗೆ ಹಿಡಿದು ಚರ್ಚಿನ ಬಾಗಿಲಿಗೆ ಆ ಪ್ರಮೇಯಗಳ ಹಾಳೆ ಹೊಡೆಯುತ್ತಿರುವಂತೆ ಅದರಲ್ಲಿದೆ. 1517ರ ಅಕ್ಟೋಬರ್ 31ರಂದು ಅವನು ಮೈನ್ಸ್‌ನ ಆರ್ಚ್‌ಬಿಷಪ್ ಆಲ್ಬ್ರೆಕ್ಟ್‌ಗೆ ಪತ್ರ ಬರೆದನೆಂಬುದು ಖಚಿತ. ಬಾಗಿಲಿಗೆ ಮೊಳೆ ಹೊಡೆದನೇ ಎಂಬುದು ಇತಿಹಾಸಕಾರರಲ್ಲಿ ಇಂದಿಗೂ ವಿವಾದ. ಆ ಮಾತನ್ನು ಪ್ರಚಾರಕ್ಕೆ ತಂದ, ಲೂಥರ್‌ನ ಸಹೋದ್ಯೋಗಿ ಮೆಲಾಂಕ್ಥನ್ ವಿಟೆನ್‌ಬರ್ಗ್‌ಗೆ ಬಂದದ್ದೇ 1518ರಲ್ಲಿ. ಚಿತ್ರ ಚೆನ್ನಾಗಿದೆ, ಇರಲಿ. ಅಡಿಬರಹದಲ್ಲಿ ‘ಕಲಾವಿದನ ಕಲ್ಪನೆ’ ಎಂಬ ಎರಡು ಪದಗಳನ್ನು ಸೇರಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಅಧ್ಯಾಪಕ