ಉರುಶಿ ಕಲಿಯಲು ಹೊರಟ ಮಗಳಿಗೆ

ಪ್ರೀತಿಯ ನಿಶಾ,

ಮೊನ್ನೆ ಫೋನ್ ಪಟ್ಟಂತ ಇಟ್ಟುಬಿಟ್ಟೆ. ಬೇಜಾರು ಮಾಡಿಕೊಳ್ಳಬೇಡ. ಆದರೆ ಬೇಡ ಅಂತ ಹೇಳಿದ ಮಾತನ್ನು ವಾಪಸ್ ತಗೊಳ್ಳುವುದಿಲ್ಲ, ಅದೂ ಗೊತ್ತಿರಲಿ. ಆ ಉರುಶಿ, ಜಪಾನಿನ ಅರಗಿನ ಕೆಲಸದ ಮರದ ಸೊನೆ, ತಾಗಿ ಊದಿಕೊಂಡ ಕಣ್ಣಿನ ಫೋಟೊ ಕಳಿಸಿ, ಕೆಳಗೊಂದು ನಗುವ ಮುಖ ಹಾಕಿ, 'ಇದೆಲ್ಲ ಮಾಮೂಲಿ ಅಮ್ಮಾ, ಕಲಿಯೋರಿಗೆಲ್ಲ ಆಗುತ್ತೆ' ಅಂತ ಬರೆದೆ. ಸ್ವಲ್ಪ ಹೊತ್ತಿಗೆ ಫೋನ್ ಮಾಡಿ, 'ಮಾರ್ಚಿಗೆ ಕೆಲಸ ಬಿಡ್ತೀನಿ, ಏಪ್ರಿಲಿನಿಂದ ಆ ಉರುಶಿ ಕೆಲಸದ ಊರು ವಾಜಿಮಾದಲ್ಲಿ ಇದ್ದು ಅದನ್ನೇ ಕಲಿತೀನಿ' ಅಂದೆ. ಎರಡನ್ನೂ ಒಟ್ಟಿಗೇ ತಲೆಗೆ ಸುರಿದರೆ ಯಾವ ತಾಯಿ ಹೂಂ ಅಂತಾಳೆ ಮಾರಾಯ್ತಿ? ಒಂದಾದ ಮೇಲೆ ಒಂದು ಹೇಳಬಹುದಿತ್ತು ಅಲ್ವಾ.

ಫೋನಿನಲ್ಲಿ ನನಗೆ ಮೊದಲು ಸಿಟ್ಟು ಬರುತ್ತದೆ, ಮಾತು ಆಮೇಲೆ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನೀನು ಹೇಗೆ ಓದಿದೆ, ಟೋಕಿಯೊಗೆ ಹೊರಟಾಗ ಮನೆಯಲ್ಲಿ ಏನೇನಾಯಿತು, ಅದೆಲ್ಲ ಬೇಡ. ಇಬ್ಬರಿಗೂ ಗೊತ್ತಿರುವುದೇ.

ನನಗೆ ಜಪಾನಿನ ಕಲೆ ಅರ್ಥ ಆಗುವುದಿಲ್ಲ ಅಂದೆಯಲ್ಲ, ಅದೊಂದು ಮಾತು ಚುಚ್ಚಿತು. ಅಲ್ಲಿಗೆ ಬಂದಾಗ ನಿನ್ನ ಜೊತೆ ಎರಡು ಕಡೆ ಕೂತಿದ್ದೇನೆ. ಮೊದಲನೆಯದು ಆ ಟೂರಿಸ್ಟ್ ಕ್ಲಾಸು. ಎರಡು ಗಂಟೆಯಲ್ಲಿ ಕಿಂಟ್ಸುಗಿ, ಅಂದರೆ ಒಡೆದ ಬಟ್ಟಲನ್ನು ಚಿನ್ನದ ಗೆರೆ ಕಾಣುವ ಹಾಗೆ ಜೋಡಿಸುವುದು, ಆಮೇಲೆ ಬಟ್ಟಲು ಬ್ಯಾಗಿಗೆ ಹಾಕಿಕೊಂಡು ಮನೆಗೆ. ಅಲ್ಲಿ ಕೊಟ್ಟದ್ದು ಎಪಾಕ್ಸಿ ಗೋಂದು, ಮೇಲಿಂದ ಚಿನ್ನದ ಬಣ್ಣದ ಪುಡಿ. ಇದರಲ್ಲಿ ಊಟ ಮಾಡಬಾರದು ಅಂತ ಅವರೇ ಎಚ್ಚರಿಕೆ ಕೊಟ್ಟರು. ಊಟ ಮಾಡಬಾರದ ಬಟ್ಟಲನ್ನು ರಿಪೇರಿ ಮಾಡಿ ಏನು ಮಾಡುವುದು ಅಂತ ನಾನು ಕೇಳಿದೆ, ನೀನು ನನ್ನ ಕಾಲು ತುಳಿದೆ.

ಎರಡನೆಯದು ನಿನ್ನ ಟೀಚರ್ ಮನೆಯ ಮಹಡಿ. ಅದು ಬೇರೆಯೇ. ಗಾಜಿನ ಹಲಗೆ ಮೇಲೆ ಗೋಧಿ ಹಿಟ್ಟು, ಎರಡು ಹನಿ ನೀರು. ಚಪ್ಪಟೆ ಕಡ್ಡಿಯಲ್ಲಿ ನಾದಿದರು. ಆಮೇಲೆ ಟ್ಯೂಬಿನಿಂದ ಹಸಿ ಉರುಶಿ ಹಿಂಡಿದರು. ಹೊರಬರುವಾಗ ಹಾಲು ಜಾಸ್ತಿ ಹಾಕಿದ ಕಾಫಿಯ ಬಣ್ಣ. ನೋಡನೋಡುತ್ತಿದ್ದ ಹಾಗೆ ಅಂಚಿನಿಂದ ಕಂದಾಗುತ್ತಾ ಬಂತು. ಗಾಳಿ ತಾಗಿದ್ದಕ್ಕೆ. ಕಡ್ಡಿ ಎತ್ತಿದರೆ ಉದ್ದಕ್ಕೆ ನೂಲು ಎಳೆಯಬೇಕು, ಆಗ ಹದ ಬಂತು ಅಂತ ಲೆಕ್ಕ. ಅದನ್ನು ಒಡೆದ ಅಂಚಿಗೆ ತೆಳ್ಳಗೆ ಸವರಿ, ಎರಡು ತುಂಡನ್ನೂ ಒತ್ತಿ, ಟೇಪು ಸುತ್ತಿ, ಒದ್ದೆ ಬಟ್ಟೆ ಇಟ್ಟ ಮರದ ಪೆಟ್ಟಿಗೆಯೊಳಗೆ ಇಟ್ಟರು. ಮುಂದಿನ ಕೆಲಸ ವಾರಗಳ ನಂತರ. ಟೊನೊಕೊ ಅಂತ ನುಣ್ಣನೆಯ ಕಲ್ಲಿನ ಪುಡಿ, ಅದಕ್ಕೆ ಉರುಶಿ ಕಲಸಿ ಸಂದು ತುಂಬುವುದು, ಉಜ್ಜುವುದು, ಗೆರೆ ಎಳೆಯುವುದು, ಮತ್ತೆ ಪೆಟ್ಟಿಗೆ. ಚಿನ್ನದ ಪುಡಿ ಉದುರಿಸುವುದು ಕೊಟ್ಟಕೊನೆಗೆ. ಹೊಳಪು ಕೊಡಲು ಮೀನಿನ ಹಲ್ಲು ಬಳಸುತ್ತಾರೆ ಅಂತ ಅವರು ತೋರಿಸಿದಾಗ ನನಗೆ ಎಷ್ಟು ಖುಷಿಯಾಯಿತು! ಮೀನಿನ ಹಲ್ಲಿಗೂ ಒಂದು ಮರ್ಯಾದೆ ಇದೆಯಲ್ಲ ಅಂತ ಕಾರ್ಕಳಕ್ಕೆ ಬಂದು ಎಲ್ಲರಿಗೂ ಹೇಳಿದ್ದೇನೆ.

ಈಗ ವಾಟ್ಸಾಪಿನಲ್ಲಿ ದಿನಾ ಒಬ್ಬರು ಕಿಂಟ್ಸುಗಿ ಚಿತ್ರ ಕಳಿಸುತ್ತಾರೆ. ಒಡೆದ ಮನಸ್ಸು, ಚಿನ್ನದ ಬೆಸುಗೆ, ಅದು ಇದು. ಓದಿದರೆ ನಗು ಬರುತ್ತದೆ. ಬೆಸೆಯುವುದು ಚಿನ್ನ ಅಲ್ಲವೇ ಅಲ್ಲ, ಹಿಟ್ಟು ಮತ್ತು ಸೊನೆ. ಇವರು ಯಾರೂ ಆ ಸೊನೆ ಮುಟ್ಟಿದವರಲ್ಲ.

ಸೊನೆಯ ವಿಷಯಕ್ಕೇ ಬರುತ್ತೇನೆ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವಳು, ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಉರುಶಿ ಮರ, ನಮ್ಮ ಗೇರು, ಮಾವು, ಅಮಟೆ, ಎಲ್ಲ ಒಂದೇ ಕುಟುಂಬ. ಉರುಶಿಯೊಳಗೆ ಇರುವ ಉರುಶಿಯಾಲ್, ಗೇರುಬೀಜದ ಸಿಪ್ಪೆಯೊಳಗಿನ ಎಣ್ಣೆ, ಎರಡಕ್ಕೂ ಹತ್ತಿರದ ನೆಂಟಸ್ತಿಕೆ. ಮಾವಿನ ಸೊನೆ ತಾಗಿದರೆ ನಿನ್ನ ತುಟಿ ಏನಾಗುತ್ತಿತ್ತು ನೆನಪಿದೆಯಾ? ಹಾಗಿರುವಾಗ ಉರುಶಿಗೆ ಕಣ್ಣು ಊದಿದ್ದು ನನಗೆ ಆಶ್ಚರ್ಯವೇ ಅಲ್ಲ. ಕೆಲವರಿಗೆ ಬರಬರುತ್ತಾ ಒಗ್ಗುತ್ತದಂತೆ. ಕೆಲವರಿಗೆ ಎಷ್ಟು ವರ್ಷವಾದರೂ ಒಗ್ಗುವುದಿಲ್ಲ. ನೀನು ಯಾವ ಗುಂಪಿನವಳು ಅಂತ ಈಗಲೇ ಹೇಳಲು ಯಾರಿಂದಲೂ ಆಗದು.

ನಿನಗೆ ಅಜ್ಜಿಯ ಕೈ ಗೊತ್ತು. ಆದರೆ ನೀನು ನೋಡಿದ್ದು ಮುದುಕಿಯ ಕೈ. ಕೆಲಸ ಬಿಟ್ಟು ಎಷ್ಟೋ ವರ್ಷವಾದ ಮೇಲಿನ ಕೈ. ನಾನು ನೋಡಿದ್ದು ಬೇರೆ.

ನನ್ನ ಅಮ್ಮ ಬೆಳಿಗ್ಗೆ ಗೇರುಬೀಜದ ಫ್ಯಾಕ್ಟರಿಗೆ ಹೋಗುವಾಗ ಕೈ ಬೆಳ್ಳಗೇ ಇರುತ್ತಿತ್ತು ಅಂತ ಹೇಳಲಾರೆ, ಯಾವಾಗಲೂ ಕಪ್ಪೇ. ಬೀಜ ಒಡೆಯುವ ಮೊದಲು ಹರಳೆಣ್ಣೆ ಹಚ್ಚಿ, ಅದರ ಮೇಲೆ ಬೂದಿ ಮೆತ್ತಿಕೊಳ್ಳುತ್ತಿದ್ದರು. ಎಡಗೈಯಲ್ಲಿ ಹುರಿದ ಬೀಜ, ಬಲಗೈಯಲ್ಲಿ ಮರದ ಕೊಡತಿ. ಪೆಟ್ಟು ಹದವಾಗಿ ಬೀಳಬೇಕು, ಒಳಗಿನ ಬೀಜ ಇಡಿಯಾಗಿ ಬರಬೇಕು. ಇಡಿ ಬೀಜಕ್ಕೆ ಒಂದು ಕೂಲಿ, ತುಂಡಾದರೆ ಕಡಿಮೆ. ಸಂಜೆ ಬಂದ ಮೇಲೆ ಬೆರಳ ತುದಿಯ ಚರ್ಮ ಎದ್ದು ಬರುತ್ತಿತ್ತು. ನಿನ್ನದು ಅಲರ್ಜಿ. ಅವಳದು ಸುಟ್ಟ ಗಾಯವೂ ಹೌದು. ಅನ್ನಕ್ಕೆ ಸಾರು ಹಾಕಿ ಕಲಸಿದರೆ ಉರಿ. ಉಪ್ಪಿನಕಾಯಿ ಮುಟ್ಟುತ್ತಿರಲಿಲ್ಲ.

ಅವಳು ನನಗೆ ಯಾವತ್ತೂ ಕೈತುತ್ತು ಕೊಟ್ಟವಳಲ್ಲ. ಎಣ್ಣೆ ನನ್ನ ಬಾಯಿಗೆ ತಾಗೀತು ಅಂತ. ಚಮಚದಲ್ಲಿ ತಿನ್ನಿಸುತ್ತಿದ್ದಳು. ಆಚೆ ಮನೆಯವರು, 'ಏನು, ಮಗಳನ್ನು ದೊರೆಸಾನಿ ಮಾಡ್ತೀಯಾ' ಅಂತ ತಮಾಷೆ ಮಾಡುತ್ತಿದ್ದರು. ರಜೆಯಲ್ಲಿ ನಾನು ಫ್ಯಾಕ್ಟರಿ ಗೇಟಿನವರೆಗೆ ಊಟ ಕೊಂಡುಹೋಗುತ್ತಿದ್ದೆ. ಒಳಗೆ ಬರಲು ಬಿಡುತ್ತಿರಲಿಲ್ಲ. ಒಮ್ಮೆ ನಾಲ್ಕು ಬೀಜ ಒಡೆದು ನೋಡುತ್ತೇನೆ ಅಂತ ಹಟ ಹಿಡಿದಾಗ ಬೆನ್ನಿಗೆ ಒಂದು ಬಿಟ್ಟಳು. ನಿನ್ನ ಕೈ ಚಾಕ್‌ಪೀಸ್ ಹಿಡಿಯಲಿಕ್ಕೆ ಇರೋದು ಅಂತ ಅಲ್ಲೇ ಬೈದಳು. ಗೇಟಿನಲ್ಲಿ, ಎಲ್ಲರ ಎದುರು.

ಆಧಾರ್ ಬಂದಾಗ ಅವಳ ಬೆರಳಚ್ಚು ಮೆಷೀನಿಗೆ ಸಿಗಲೇ ಇಲ್ಲ. ಗೆರೆಗಳೇ ಸವೆದು ಹೋಗಿದ್ದವು. ಆಮೇಲೆ ರೇಷನ್ ಅಂಗಡಿಯಲ್ಲೂ ಅದೇ ಗೋಳು. ಒರೆಸಿ ಒತ್ತು ಅಜ್ಜಿ, ಮತ್ತೆ ಒತ್ತು, ಇನ್ನೊಂದು ಬೆರಳು ಕೊಡು. ಹಿಂದೆ ಕ್ಯೂನಲ್ಲಿ ಇದ್ದವರು ಗೊಣಗುತ್ತಿದ್ದರು. ಅವಳು ಮಾತ್ರ, ನನ್ನ ಬೆರಳು ಫ್ಯಾಕ್ಟರಿಯಲ್ಲೇ ಉಂಟು ಮಗಾ, ಹೋಗಿ ತಗೊಂಡು ಬಾ ಅನ್ನುತ್ತಿದ್ದಳು. ಜಪಾನಿನಲ್ಲಿ ಇಳಿದ ಕೂಡಲೇ ಹೊರಗಿನವರ ಎರಡು ತೋರುಬೆರಳಿನ ಅಚ್ಚು ತಗೊಳ್ಳುತ್ತಾರಲ್ಲ, ನರಿತಾದಲ್ಲಿ ಬೆರಳು ಇಟ್ಟಾಗ ನನಗೆ ಅವಳದೇ ನೆನಪು. ನನ್ನದು ಒಂದೇ ಸಲಕ್ಕೆ ಬಂತು. ಅದು ಅವಳ ದುಡಿಮೆ.

ಈಗ ನೀನು ಕೈತುಂಬ ಸಂಬಳದ ಕೆಲಸ ಬಿಟ್ಟು, ಫೀಸು ಕೊಟ್ಟು, ಅದೇ ಕುಟುಂಬದ ಸೊನೆಯಲ್ಲಿ ಕೈ ಹಾಕಲು ಹೊರಟಿದ್ದೀಯಲ್ಲ. ನನಗೆ ಹೊಟ್ಟೆ ಉರಿಯದೆ ಏನು ಮಾಡುತ್ತದೆ? ಇದು ನಿನ್ನ ಕಲೆಯ ಮೇಲಿನ ಸಿಟ್ಟಲ್ಲ.

ಇನ್ನೊಂದು ಸಿಟ್ಟೂ ಇದೆ, ಅದು ನಿನ್ನ ಮೇಲೂ ಅಲ್ಲ, ಜಪಾನಿನ ಮೇಲೂ ಅಲ್ಲ. ಅಲ್ಲಿ 1950ರಲ್ಲೇ ಸಾಂಸ್ಕೃತಿಕ ಆಸ್ತಿಗೆ ಕಾನೂನು ಮಾಡಿದರು. ಕನಾಜಾವಾದ ಮತ್ಸುದಾ ಗೊನ್ರೊಕು ಅವರಿಗೆ ಮಾಕಿಎ, ಅಂದರೆ ಹಸಿ ಉರುಶಿ ಮೇಲೆ ಚಿನ್ನದ ಪುಡಿ ಉದುರಿಸಿ ಚಿತ್ರ ಮಾಡುವ ಕೆಲಸಕ್ಕಾಗಿ 1955ರಲ್ಲಿ ಜೀವಂತ ರಾಷ್ಟ್ರೀಯ ನಿಧಿ ಅಂತ ಗೌರವ. ಈಗ ಅಂಥವರಿಗೆ ವರ್ಷಕ್ಕೆ 20 ಲಕ್ಷ ಯೆನ್ ಸರ್ಕಾರವೇ ಕೊಡುತ್ತದೆ, ಶಿಷ್ಯರನ್ನು ತಯಾರು ಮಾಡಿ ಅಂತ. ಉರುಶಿಯಲ್ಲಿ ಕೈ ಕಪ್ಪಾದರೆ ನಿಧಿ. ನಮ್ಮ ಅಮ್ಮನಿಗೆ ಕಣ್ಣು ಮುಚ್ಚಿಕೊಂಡು ಇಡಿ ಬೀಜ ತೆಗೆಯಲು ಬರುತ್ತಿತ್ತು. ಅದನ್ನು ಯಾರೂ ಕಲೆ ಅನ್ನಲಿಲ್ಲ. ಅವಳೂ ಅನ್ನಲಿಲ್ಲ ಬಿಡು.

ಸರಿ, ವಾಜಿಮಾ. ಭೂಕಂಪದ ಸುದ್ದಿ ನಾನೂ ನೋಡಿದವಳೇ. 2024ರ ಜನವರಿ 1, ಹೊಸ ವರ್ಷದ ದಿನವೇ, 7.6ರ ತೀವ್ರತೆ. ಬೆಳಗಿನ ಸಂತೆ ನಡೆಯುವ ಬೀದಿಗೆ ಬೆಂಕಿ ಬಿದ್ದು ಇಡೀ ಕೇರಿ ಬೂದಿಯಾಯಿತು. ಸಮುದ್ರದ ತಳವೇ ಮೇಲೆದ್ದು ದೋಣಿಗಳು ಬಂದರಿನಲ್ಲಿ ಸಿಕ್ಕಿಕೊಂಡವು. ಅದೇ ಸೆಪ್ಟೆಂಬರಿನಲ್ಲಿ ಪ್ರವಾಹ. ಉರುಶಿ ಕೆಲಸದವರ ಎಷ್ಟೋ ಮನೆ, ಕಾರ್ಯಾಗಾರ ಹೋದವು. ಅಂಥ ಊರಿಗೇ ಯಾಕೆ ಅಂದರೆ, 'ಜನ ಬಿಟ್ಟು ಹೋಗ್ತಿದ್ದಾರೆ, ಅದಕ್ಕೇ ಅಮ್ಮಾ' ಅಂದೆ. ಈ ಉತ್ತರಕ್ಕೆ ನನ್ನಲ್ಲಿ ಎದುರು ಮಾತು ಇರಲಿಲ್ಲ, ಅದಕ್ಕೂ ಫೋನ್ ಇಟ್ಟೆ.

ನಿನ್ನ ಮಾವ ಬಂದಿದ್ದರು. ಅರಗಿನ ಕೆಲಸ ಕಲಿಯಲು ಜಪಾನ್ ಯಾಕೆ, ಚನ್ನಪಟ್ಟಣ ಇಲ್ಲವಾ ಅಂತ ಕೇಳಿದರು. ನಾನು ಬಿಡಲಿಲ್ಲ. ಅದು ಕೀಟದ ಅರಗು, ತಿರುಗುವ ಮರಕ್ಕೆ ಒತ್ತಿ ಬಿಸಿಗೆ ಕರಗಿಸುವುದು. ಇದು ಮರದ ಸೊನೆ, ಬಿಸಿಲಿಗೆ ಒಣಗುವುದೇ ಇಲ್ಲ, ತೇವದಲ್ಲಿ ಒಣಗುತ್ತದೆ. 20ರಿಂದ 25 ಡಿಗ್ರಿ, ಗಾಳಿಯಲ್ಲಿ ನೀರಿನಂಶ ನೂರಕ್ಕೆ 70ರ ಮೇಲೆ, ಆಗಲೇ ಅದರೊಳಗಿನ ಕಿಣ್ವ ಕೆಲಸ ಮಾಡುವುದು. ನಮ್ಮ ಆಟಿ ತಿಂಗಳ ಮನೆ ಇದ್ದ ಹಾಗೆ, ಬಟ್ಟೆ ಒಣಗದ ಜಾಗದಲ್ಲಿ ಉರುಶಿ ಒಣಗುತ್ತದೆ. ಇಷ್ಟು ಹೇಳಿದೆ. ವಾಜಿಮಾದ ಬಟ್ಟಲಿಗೆ ಅಂಚಿನಲ್ಲಿ ಬಟ್ಟೆ ಅಂಟಿಸುವುದು, ಸುಟ್ಟ ಮಣ್ಣಿನ ಪುಡಿ ಬೆರೆಸಿ ತಳ ಕಟ್ಟುವುದು, ನೂರಕ್ಕೂ ಜಾಸ್ತಿ ಹಂತ ಅಂತಲೂ ಹೇಳಿದೆ. ಉರುಶಿ ಬಳಿಯುವ ಬ್ರಷ್ಷು ಮನುಷ್ಯರ ಕೂದಲಿಂದ ಮಾಡಿದ್ದು ಅಂದಾಗ ಮಾವ ಚಹಾ ಲೋಟ ಕೆಳಗಿಟ್ಟರು. ಅವರು ಹೋದ ಮೇಲೆ ಅಪ್ಪ, 'ನೀನು ಮಗಳ ಕಡೆಯೋ, ನಮ್ಮ ಕಡೆಯೋ?' ಅಂತ ಕೇಳಿದರು. ನಾನು ಮಾತಾಡಲಿಲ್ಲ.

ಇನ್ನು ಮೇಲೆ ಪಾಠ ಹೇಳುವುದಿಲ್ಲ ಅಂದುಕೊಂಡಿದ್ದೆ. ಆಗುವುದಿಲ್ಲ, ಕೇಳು.

ಎಂಜಿನಿಯರ್ ವೀಸಾದಲ್ಲಿ ಇದ್ದುಕೊಂಡು ಕೆಲಸ ಬಿಟ್ಟು ಸುಮ್ನೆ ಊರು ಬದಲಿಸಲು ಆಗುವುದಿಲ್ಲ. ಕಲೆ ಕಲಿಯುವವರಿಗೆ ಸಾಂಸ್ಕೃತಿಕ ಚಟುವಟಿಕೆಯ ವೀಸಾ ಅಂತ ಬೇರೆ ಉಂಟು. ಅದರಲ್ಲಿ ಸಂಬಳಕ್ಕೆ ದುಡಿಯುವ ಹಾಗಿಲ್ಲ. ಅಂದರೆ ಉಳಿಸಿದ ದುಡ್ಡಿನಲ್ಲೇ ಬದುಕು. ಎಷ್ಟು ಉಳಿಸಿದ್ದೀಯಾ? ಉತ್ಸಾಹದಲ್ಲಿ ಬಾಡಿಗೆ ಕಟ್ಟಲು ಆಗುವುದಿಲ್ಲ. ಅಲ್ಲಿ ಹಳೆಯ ಪದ್ಧತಿಯ ಶಿಷ್ಯವೃತ್ತಿ ಅಂದರೆ ನಾಲ್ಕು ವರ್ಷ. ಮುಗಿದಾಗ ಗುರು ಶಿಷ್ಯ ಸಾಕೆ ಅನ್ನುವ ಅಕ್ಕಿ ಮದ್ಯದ ಬಟ್ಟಲು ಹಂಚಿಕೊಂಡು ತಂದೆ ಮಕ್ಕಳ ಹಾಗೆ ಆಗುತ್ತಾರಂತೆ. ಒಳ್ಳೆಯದೇ. ಆದರೆ ಅರ್ಧಕ್ಕೆ ಬಿಟ್ಟವರ ಕಥೆ ಏನು ಅಂತ ಮೊದಲೇ ಕೇಳಿಕೋ. ನೀನು ಭರತನಾಟ್ಯ ಬಿಟ್ಟೆ, ವೀಣೆ ಬಿಟ್ಟೆ. ಹೇಳಬಾರದು ಅಂತಿದ್ದೆ, ಹೇಳಿಬಿಟ್ಟೆ.

ಮತ್ತೆ, ಒಂದು ಹನಿಯನ್ನೂ ಹಾಳು ಮಾಡಬೇಡ. ಹತ್ತು ಹದಿನೈದು ವರ್ಷ ಬೆಳೆದ ಮರದಿಂದ ಸಿಗುವುದು 200 ಗ್ರಾಂನಷ್ಟು ಸೊನೆ. ಜಪಾನಿನಲ್ಲಿ ಒಂದೇ ಋತುವಿನಲ್ಲಿ ಪೂರ್ತಿ ತೆಗೆದು ಆ ಮರವನ್ನೇ ಕಡಿಯುತ್ತಾರೆ. ಕಲಿಯುವಾಗ ಚೆಲ್ಲುತ್ತದೆ ಅಂತ ಹೇಳಬೇಡ.

ಗ್ಲೌಸ್ ಬಿಚ್ಚಬೇಡ. ಬೇರೆಯವರು ಬರಿಗೈಯಲ್ಲಿ ಮಾಡುತ್ತಾರೆ ಅಂತ ನೀನೂ ಶೂರಿ ಆಗಬೇಡ. ಮಣಿಕಟ್ಟು ಮುಚ್ಚಿಕೋ, ನಿನಗೆ ಮೊದಲು ಕೆಂಪಾಗುವುದು ಅಲ್ಲೇ. ತಾಗಿದರೆ ತಕ್ಷಣ ಅಡುಗೆ ಎಣ್ಣೆಯಲ್ಲಿ ಒರೆಸಿ, ಆಮೇಲೆ ಸೋಪು. ನೀರು ಮೊದಲು ಹಾಕಬೇಡ. ನಿನ್ನ ಟೀಚರ್ ಮನೆಯಲ್ಲೂ ಹಾಗೇ ಮಾಡುತ್ತಿದ್ದರು, ನಾನು ನೋಡಿದ್ದೇನೆ. ಪೂರ್ತಿ ಒಣಗಿದ ಉರುಶಿ ಏನೂ ಮಾಡುವುದಿಲ್ಲ, ಹಸಿಯದ್ದೇ ಅಪಾಯ. ಮೈಗೆ ತಾಗಿ ಒಂದೆರಡು ದಿನ ಕಳೆದು ತುರಿಕೆ ಶುರುವಾಗುತ್ತದೆ, ಹಾಗಾಗಿ ಆ ಹೊತ್ತಿಗೆ ಏನೂ ಆಗಲಿಲ್ಲ ಅಂತ ಮೈಮರೆಯಬೇಡ. ಕಣ್ಣು ಊದಿದರೆ ಮನೆಮದ್ದು ಬೇಡ, ಚರ್ಮದ ಡಾಕ್ಟರ್ ಹತ್ತಿರ ಹೋಗು. ಉಸಿರು ಕಟ್ಟಿದ ಹಾಗಾದರೆ ಆಸ್ಪತ್ರೆಗೆ ಓಡು, ನನಗೆ ಫೋಟೊ ಕಳಿಸುತ್ತಾ ಕೂರಬೇಡ.

ಅಪ್ಪ ನೀನು ಬೆಸೆದ ಮೊದಲ ಬಟ್ಟಲನ್ನು ಶೋಕೇಸಿನಲ್ಲಿ ಇಟ್ಟಿದ್ದಾರೆ. ಯಾರು ಬಂದರೂ ತೆಗೆದು ತೋರಿಸುತ್ತಾರೆ. ಗೆರೆ ಒಂದು ಕಡೆ ದಪ್ಪ ಆಗಿದೆ, ಕೈ ನಡುಗಿದೆ ಅಲ್ಲಿ. ಎರಡನೆಯ ಬಟ್ಟಲಿನಲ್ಲಿ ಹಾಗಿಲ್ಲ, ಗೆರೆ ಚೆನ್ನಾಗಿ ಹರಿದಿದೆ. ಗಮನಿಸಿದ್ದೇನೆ.

ಈಗ ನನಗೆ ಉತ್ತರ ಬೇಕಾದದ್ದು ಇಷ್ಟು. ಅಲ್ಲಿ ನೀನು ಇರುವ ಮನೆ ಗಟ್ಟಿ ಇದೆಯಾ, ಅಥವಾ ರಿಪೇರಿಯಾಗದೆ ಉಳಿದದ್ದಾ? ಪಕ್ಕದಲ್ಲಿ ಯಾರಿದ್ದಾರೆ? ವಾಜಿಮಾಕ್ಕೆ ರೈಲು 2001ರಲ್ಲೇ ನಿಂತಿದೆ, ಹಾಗಾದರೆ ರಾತ್ರಿ ಹೊತ್ತು ತೊಂದರೆಯಾದರೆ ಕನಾಜಾವಾಕ್ಕೆ ಹೇಗೆ ಹೋಗುತ್ತೀಯಾ? ಚರ್ಮದ ಡಾಕ್ಟರ್ ಎಲ್ಲಿದ್ದಾರೆ? ನಿನ್ನ ಹೊಸ ಗುರುಗಳಿಗೆ ಎಷ್ಟು ವಯಸ್ಸು, ಅವರ ಕೈ ಹೇಗಿದೆ? ಇದನ್ನೆಲ್ಲ ಬರೆದು ಕಳಿಸು, ಫೋನಿನಲ್ಲಿ ಬೇಡ. ಅಪ್ಪನಿಗೆ ಒಂದು, ನನಗೆ ಒಂದು ಅಂತ ಬೇರೆ ಬೇರೆ ಉತ್ತರ ಬರೆಯಬೇಡ, ನಾವು ಇಬ್ಬರೂ ಕೂತು ತಾಳೆ ನೋಡುತ್ತೇವೆ.

ನಿನ್ನ
ಅಮ್ಮ