ವೃತ್ತಿಪರ ಭಾವಚಿತ್ರದಲ್ಲಿ ನಮ್ಮ ಮುಖವೇ ಇರಲಿ

ಮಾನ್ಯ ಸಂಪಾದಕರೇ,

ಮೊಬೈಲಿನಲ್ಲಿ ತೆಗೆದುಕೊಂಡ ಸೆಲ್ಫಿಗಳನ್ನು ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳಿಗೆ ಕೊಟ್ಟು, ಕೋಟು ತೊಟ್ಟು ಸ್ಟುಡಿಯೊದಲ್ಲಿ ಕುಳಿತಂತೆ ಕಾಣುವ ಭಾವಚಿತ್ರಗಳನ್ನು ಮಾಡಿಸಿಕೊಳ್ಳುವುದು ಉದ್ಯೋಗ ಹುಡುಕುವವರಲ್ಲಿ ಈಗ ಸಾಮಾನ್ಯವಾಗಿದೆ. ನೇಮಕಾತಿ ವಿಭಾಗದಲ್ಲಿ ಕೆಲಸ ಮಾಡುವ ನಾನು ಇಂತಹ ಚಿತ್ರಗಳನ್ನು ಮತ್ತೆ ಮತ್ತೆ ನೋಡುತ್ತಿರುತ್ತೇನೆ. ಅವನ್ನು ಬಳಸುವವರನ್ನು ದೂರುವುದು ನನ್ನ ಉದ್ದೇಶವಲ್ಲ. ಇರುವ ಫೋಟೊವನ್ನು ತಿದ್ದುವುದಕ್ಕೂ ಇಲ್ಲದ ಫೋಟೊವನ್ನು ಸೃಷ್ಟಿಸುವುದಕ್ಕೂ ನಡುವಿನ ಅಂತರ ಅವರಿಗೆ ತಿಳಿಯದೇ ಹೋಗುತ್ತಿದೆ ಎಂಬ ಕಳವಳದಿಂದ ಈ ಪತ್ರ ಬರೆಯುತ್ತಿದ್ದೇನೆ.

ಹಿನ್ನೆಲೆಯನ್ನು ಬದಲಿಸುವುದು, ಬೆಳಕನ್ನು ಹದಗೊಳಿಸುವುದು, ಚಿತ್ರವನ್ನು ಕತ್ತರಿಸಿ ಚೌಕಟ್ಟಿಗೆ ಹೊಂದಿಸುವುದು ಇವೆಲ್ಲ ತಿದ್ದುಪಡಿಗಳು. ಕ್ಯಾಮೆರಾ ಕಂಡ ಮುಖ ಅವುಗಳಲ್ಲಿ ಹಾಗೆಯೇ ಉಳಿಯುತ್ತದೆ. ಆದರೆ ಹೆಡ್‌ಶಾಟ್, ಅಂದರೆ ಇಂತಹ ವೃತ್ತಿಪರ ಭಾವಚಿತ್ರ, ಮಾಡಿಕೊಡುವ ಆ್ಯಪ್‌ಗಳು ಸಾಮಾನ್ಯವಾಗಿ ಹತ್ತಿಪ್ಪತ್ತು ಸೆಲ್ಫಿಗಳನ್ನು ಪಡೆದು, ಅಪಾರ ಸಂಖ್ಯೆಯ ಚಿತ್ರಗಳಿಂದ ಮೊದಲೇ ಕಲಿತಿರುವ ಮಾದರಿಯೊಂದಕ್ಕೆ (ಚಿತ್ರ ರಚಿಸುವ ಕಂಪ್ಯೂಟರ್ ವ್ಯವಸ್ಥೆಗೆ) ಆ ಮುಖವನ್ನು ಪರಿಚಯಿಸುತ್ತವೆ. ಗೂಗಲ್ ಮತ್ತು ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಡ್ರೀಮ್‌ಬೂತ್ ವಿಧಾನವು, ಇದಕ್ಕೆ ಮೂರರಿಂದ ಐದು ಚಿತ್ರಗಳಿದ್ದರೂ ಸಾಕು ಎಂದು ತೋರಿಸಿಕೊಟ್ಟಿತು. ಈಚಿನ ಕೆಲವು ಆ್ಯಪ್‌ಗಳು ಒಂದೇ ಸೆಲ್ಫಿಯಿಂದಲೂ ಕೆಲಸ ಮುಗಿಸುತ್ತವೆ. ಹೀಗೆ ಪರಿಚಯವಾದ ಮುಖವನ್ನು ಮಾದರಿಯು ಅಡ್ಡಾದಿಡ್ಡಿ ಚುಕ್ಕಿಗಳ ರಾಶಿಯಿಂದ ಆರಂಭಿಸಿ ಹಂತಹಂತವಾಗಿ ಹೊಸದಾಗಿಯೇ ಚಿತ್ರಿಸುತ್ತದೆ. ಸೆಲ್ಫಿಯಲ್ಲಿ ಸ್ಪಷ್ಟವಾಗಿ ಕಾಣದ ಕಡೆಗಳನ್ನು, ತಾನು ಕಲಿತಿರುವ ಬೇರೆಯವರ ಮುಖಗಳ ಆಧಾರದ ಮೇಲೆ ಊಹಿಸಿ ತುಂಬುತ್ತದೆ. ಹಾಗಾಗಿ ಕೊನೆಗೆ ಕೈಗೆ ಬರುವ ಚಿತ್ರದಲ್ಲಿರುವ ವ್ಯಕ್ತಿ ಆ ಬೆಳಕಿನಲ್ಲಿ, ಆ ಉಡುಪಿನಲ್ಲಿ, ಆ ನಗೆಯೊಂದಿಗೆ ಎಂದೂ ಯಾವ ಕ್ಯಾಮೆರಾದ ಮುಂದೆಯೂ ಕುಳಿತವರಲ್ಲ.

ಇದರಿಂದ ಏನು ತೊಂದರೆ ಎಂದು ಕೇಳಬಹುದು. ಅಭ್ಯರ್ಥಿಯೊಬ್ಬರು ಕಳುಹಿಸಿದ್ದ ಚಿತ್ರ ಮೊದಲ ನೋಟಕ್ಕೆ ಬಹಳ ಚೆನ್ನಾಗಿತ್ತು. ಹತ್ತಿರದಿಂದ ನೋಡಿದಾಗ ಕನ್ನಡಕದ ಒಂದು ಕಡ್ಡಿ ಕಿವಿಯನ್ನು ಮುಟ್ಟದೆ ಕೂದಲಿನಲ್ಲೇ ಕರಗಿಹೋಗಿದ್ದು ಕಂಡಿತು. ವಿಡಿಯೊ ಸಂದರ್ಶನದಲ್ಲಿ ಎದುರಿಗೆ ಬಂದವರ ಹುಬ್ಬನ್ನು ಸೀಳಿದಂತೆ ಹಳೆಯ ಗಾಯದ ಗುರುತಿತ್ತು. ಚಿತ್ರದಲ್ಲಿ ಆ ಹುಬ್ಬು ಅಖಂಡವಾಗಿತ್ತು, ದವಡೆ ತುಸು ಸಪೂರವಾಗಿತ್ತು. ಅರ್ಜಿ ಹಾಕಿದವರೇ ಸಂದರ್ಶನಕ್ಕೆ ಕುಳಿತಿದ್ದಾರೆಯೇ ಎಂದು ಖಚಿತಪಡಿಸಿಕೊಳ್ಳುವುದು ನಮ್ಮ ಕರ್ತವ್ಯವಾದ್ದರಿಂದ, ಅವರ ಗುರುತಿನ ಚೀಟಿಯನ್ನು ಮತ್ತೊಮ್ಮೆ ಕೇಳಬೇಕಾಯಿತು. ತಮ್ಮ ಅರ್ಹತೆಯ ಬಗ್ಗೆ ಮಾತನಾಡಬೇಕಾಗಿದ್ದ ಮೊದಲ ಹೊತ್ತನ್ನು ಆ ಅಭ್ಯರ್ಥಿ ತಾವು ತಾವೇ ಎಂದು ನಿರೂಪಿಸುವುದರಲ್ಲಿ ಕಳೆದರು. ಅವರಿಗಾದ ಮುಜುಗರವನ್ನು ಕಂಡು ನನಗೆ ನಿಜಕ್ಕೂ ನೋವಾಯಿತು, ಏಕೆಂದರೆ ಅವರು ಯಾರಿಗೂ ಮೋಸ ಮಾಡಲು ಹೊರಟವರಾಗಿರಲಿಲ್ಲ. ಅಮೆರಿಕ ಮತ್ತು ಬ್ರಿಟನ್‌ನ ಪಾಸ್‌ಪೋರ್ಟ್ ನಿಯಮಗಳು ಕಂಪ್ಯೂಟರಿನಲ್ಲಿ ಮುಖ ತಿದ್ದಿದ ಫೋಟೊಗಳನ್ನು ಒಪ್ಪದಿರುವುದರ ಹಿಂದೆಯೂ ಗುರುತಿಸುವಿಕೆಯ ಈ ಪ್ರಶ್ನೆಯೇ ಇದೆ.

ಇನ್ನೂ ಗಂಭೀರವಾದದ್ದು ಮೈಬಣ್ಣ ಮತ್ತು ಮುಖಲಕ್ಷಣಗಳ ವಿಚಾರ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಏಷ್ಯಾ ಮೂಲದ ವಿದ್ಯಾರ್ಥಿನಿಯೊಬ್ಬರು 2023ರಲ್ಲಿ ತಮ್ಮ ಫೋಟೊವನ್ನು ಇಂತಹ ಸೇವೆಯೊಂದಕ್ಕೆ ಕೊಟ್ಟು ವೃತ್ತಿಪರವಾಗಿ ಕಾಣುವಂತೆ ಮಾಡಲು ಕೇಳಿದಾಗ, ಅದು ಅವರ ಬಣ್ಣವನ್ನು ತಿಳಿಗೊಳಿಸಿ ಕಣ್ಣುಗಳನ್ನು ನೀಲಿಯಾಗಿಸಿದ್ದು ವ್ಯಾಪಕವಾಗಿ ಸುದ್ದಿಯಾಯಿತು. ವೃತ್ತಿಪರ ಎಂಬ ಹಣೆಪಟ್ಟಿಯೊಂದಿಗೆ ಯಾರ ಮುಖಗಳು ಹೆಚ್ಚಾಗಿ ಕಲಿಕೆಗೆ ಸಿಕ್ಕಿವೆಯೋ ಅವರತ್ತಲೇ ಮಾದರಿ ವಾಲುತ್ತದೆ. ಕೆಲಸ ಕೇಳಿಕೊಂಡು ಬರುವವರಿಗೆ ಯಂತ್ರವೊಂದು ನಿಮ್ಮ ಬಣ್ಣ ಈ ಹುದ್ದೆಗೆ ಒಪ್ಪುವುದಿಲ್ಲ ಎಂದು ಸದ್ದಿಲ್ಲದೆ ಹೇಳಿ ಕಳುಹಿಸುವುದನ್ನು ಯಾವ ಸಂಸ್ಥೆಯೂ ಸಹಿಸಬಾರದು.

ಸೆಲ್ಫಿಯಲ್ಲಿ ಮುಖ ಚೆನ್ನಾಗಿ ಬರುವುದಿಲ್ಲ ಎಂಬ ದೂರಿನಲ್ಲಿ ಹುರುಳಿದೆ. ಒಂದು ಅಡಿ ದೂರದಿಂದ ತೆಗೆದ ಚಿತ್ರದಲ್ಲಿ ಮೂಗು ಸುಮಾರು ಶೇ 30ರಷ್ಟು ಅಗಲವಾಗಿ ಕಾಣಬಹುದೆಂದು ಅಮೆರಿಕದ ವೈದ್ಯರು 2018ರಲ್ಲಿ ಪ್ರಕಟಿಸಿದ ಲೆಕ್ಕಾಚಾರವೊಂದು ಹೇಳುತ್ತದೆ; ಐದು ಅಡಿ ದೂರಕ್ಕೆ ಸರಿದರೆ ಈ ವಿಕಾರ ಬಹುತೇಕ ಇಲ್ಲವಾಗುತ್ತದೆ. ಅಂದರೆ ದೋಷವಿರುವುದು ಕೈಯಳತೆಯ ದೂರದಲ್ಲಿ. ಮೊಬೈಲನ್ನು ಕಣ್ಣಿನ ಎತ್ತರಕ್ಕೆ ಪುಸ್ತಕಗಳ ಮೇಲೆ ಒರಗಿಸಿಟ್ಟು, ಹಗಲು ಹೊತ್ತಿನಲ್ಲಿ ಕಿಟಕಿಗೆ ಮುಖಮಾಡಿ ನಿಂತು, ಐದಾರು ಅಡಿ ದೂರದಿಂದ ಹಿಂಬದಿಯ ಕ್ಯಾಮೆರಾದಲ್ಲಿ ಟೈಮರ್ ಹಾಕಿ ತೆಗೆದ ಫೋಟೊ ಯಾವುದೇ ಉದ್ಯೋಗದ ಅರ್ಜಿಗೆ ಧಾರಾಳವಾಗಿ ಸಾಕಾಗುತ್ತದೆ. ಹಿಂದಿರುವ ಗೋಡೆ ಚೆನ್ನಾಗಿಲ್ಲವಾದರೆ ಅದನ್ನಷ್ಟೇ ಆ್ಯಪ್‌ನಿಂದ ಬದಲಿಸಿಕೊಳ್ಳಲಿ. ನನ್ನ ಆಕ್ಷೇಪವೇನೂ ಇಲ್ಲ.

ಆ್ಯಪ್‌ಗಳಿಗೆ ಕೊಟ್ಟ ಸೆಲ್ಫಿಗಳ ವಿಷಯದಲ್ಲಿ ಒಂದು ಮಾತು. ಇಂತಿಷ್ಟು ದಿನಗಳಲ್ಲಿ ಫೋಟೊಗಳನ್ನು ಅಳಿಸುತ್ತೇವೆ ಎಂಬ ಭರವಸೆಯನ್ನಷ್ಟೇ ಓದಿ ನೆಮ್ಮದಿಪಡುವಂತಿಲ್ಲ. ನಮ್ಮ ಮುಖವನ್ನು ಕಲಿತ ಮಾದರಿಯನ್ನೂ ಅಳಿಸುತ್ತಾರೆಯೇ ಎಂದು ನೋಡಬೇಕು, ಏಕೆಂದರೆ ಫೋಟೊ ಹೋದರೂ ಅದು ಉಳಿದಿದ್ದರೆ ನಮ್ಮ ಮುಖದ ಹೊಸ ಚಿತ್ರಗಳನ್ನು ಎಷ್ಟು ಬೇಕಾದರೂ ತಯಾರಿಸಬಹುದು.

ಸ್ಟುಡಿಯೊಗೆ ಹೋಗುವ ಅನುಕೂಲವಿಲ್ಲದವರು, ಕ್ಯಾಮೆರಾದ ಮುಂದೆ ಕುಗ್ಗುವವರು ಈ ಆ್ಯಪ್‌ಗಳತ್ತ ತಿರುಗುವುದು ನನಗೆ ಅರ್ಥವಾಗುತ್ತದೆ. ಅವರನ್ನು ಅತ್ತ ನೂಕುತ್ತಿರುವುದರಲ್ಲಿ ಉದ್ಯೋಗದಾತರ ಪಾಲು ದೊಡ್ಡದು. ಮುಖ ನೋಡಿ ತೀರ್ಮಾನಿಸಬೇಕಾದ ಅಗತ್ಯವೇ ಇಲ್ಲದ ಹುದ್ದೆಗಳಿಗೂ ನಾವು ವೃತ್ತಿಪರ ಭಾವಚಿತ್ರ ಕಡ್ಡಾಯ ಎಂದು ಬರೆಯುತ್ತೇವೆ. ಆ ಷರತ್ತನ್ನು ಮೊದಲು ಕೈಬಿಡಬೇಕು. ಫೋಟೊ ಬೇಕೇಬೇಕಾದ ಕಡೆ ಮೊಬೈಲಿನಲ್ಲಿ ತೆಗೆದ ಸಾದಾ ಫೋಟೊ ಸಾಕೆಂದೂ, ಕೃತಕವಾಗಿ ಸೃಷ್ಟಿಸಿದ ಮುಖ ಬೇಡವೆಂದೂ ಅರ್ಜಿ ನಮೂನೆಯಲ್ಲಿಯೇ ಸ್ಪಷ್ಟವಾಗಿ ಮುದ್ರಿಸಬೇಕೆಂದು ನನ್ನಂತೆ ಈ ವಿಭಾಗದಲ್ಲಿ ದುಡಿಯುತ್ತಿರುವ ಎಲ್ಲರನ್ನೂ ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ,
ತಮ್ಮ ಪತ್ರಿಕೆಯ ಓದುಗ