ಮಷಿನ್ ಕೆಟ್ಟರೆ ನನ್ನ ಮಗಳು ಎಷ್ಟು ದಿನ ಕಾಯಬೇಕು? ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನಾನು ಲಗ್ಗೆರೆಯವಳು. ಪೀಣ್ಯದ ಗಾರ್ಮೆಂಟ್ಸಿಗೆ ಹೋಗುತ್ತಿದ್ದೆ, ಮಗಳಿಗೋಸ್ಕರ ಬಿಟ್ಟೆ. ಅವಳಿಗೀಗ ನಾಲ್ಕೂವರೆ ವರ್ಷ. ಹುಟ್ಟಿನಿಂದಲೇ ಎರಡೂ ಕಿವಿ ಕೇಳಿಸುವುದಿಲ್ಲ. ಎರಡೂವರೆ ವರ್ಷಕ್ಕೆ ಸರ್ಕಾರದ ಯೋಜನೆಯಲ್ಲೇ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಕೇಳಿಸುವ ಸಾಧನವನ್ನು ಒಳಗೆ ಕೂರಿಸುವ ಆಪರೇಷನ್ ಆಯಿತು. ಆ ಉಪಕಾರ ಮರೆತಿಲ್ಲ. ಲಕ್ಷಗಟ್ಟಲೆ ದುಡ್ಡು ನಾವೆಲ್ಲಿಂದ ತರುತ್ತಿದ್ದೆವು?

ನಿಯಮಗಳು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಎಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಕೇಳುವುದು ಒಂದೇ. ಕಿವಿ ಮೇಲೆ ಹಾಕುವ ಹೊರಗಿನ ಮಷಿನ್ ಕೆಟ್ಟರೆ ಒಂದು ವಾರದೊಳಗೆ ರಿಪೇರಿ ಆಗಬೇಕು. ಆಗದಿದ್ದರೆ ಅಲ್ಲಿಯವರೆಗೆ ಬದಲಿ ಮಷಿನ್ ಕೊಡಬೇಕು.

ಆಪರೇಷನ್ ಆಯಿತು ಅಂದರೆ ಮಗು ಮಾತಾಡಿತು ಅಂತ ಅಲ್ಲ. ಒಳಗಿರುವುದು ರಿಸೀವರ್, ಎಲೆಕ್ಟ್ರೋಡ್ ಅಷ್ಟೇ. ಕಿವಿ ಮೇಲಿನ ಮಷಿನ್, ಅಂದರೆ ಪ್ರೊಸೆಸರ್, ಸದ್ದು ಹಿಡಿದು ತಲೆಗೆ ಅಂಟಿಕೊಳ್ಳುವ ಕಾಯಿಲ್ ಮೂಲಕ ಒಳಗೆ ಕಳಿಸಿದರೆ ಮಾತ್ರ ಅವಳಿಗೆ ಕೇಳಿಸುತ್ತದೆ. ಸ್ವಿಚ್ ಆನ್ ಮಾಡಿದ ದಿನದಿಂದ ಅವಳ ಕಿವಿಯ ವಯಸ್ಸು ಶುರು. ಅಲ್ಲಿಂದ ಒಂದೊಂದು ಸದ್ದಿಗೂ ಹೆಸರು ಹೇಳಿಕೊಡಬೇಕು. ಒಗ್ಗರಣೆ ಸಿಡಿದಾಗ, ಕುಕ್ಕರ್ ಕೂಗಿದಾಗ, ಬೀದಿಯಲ್ಲಿ ಸೊಪ್ಪಿನವರು ಕೂಗಿದಾಗ, "ಕೇಳ್ತಾ ಪುಟ್ಟಿ, ಅದು ಏನು?" ಅಂತ ಇಡೀ ದಿನ ಮಾತಾಡಿ ಮಾತಾಡಿ ನನ್ನ ಗಂಟಲು ಒಣಗುತ್ತದೆ. ಮಾತು ಕಲಿಸುವ ಥೆರಪಿಗೆ ವಾರಕ್ಕೆ ಎರಡು ಸಲ ಮೆಜೆಸ್ಟಿಕ್ಕಿಗೆ ಬಂದು ಇನ್ನೊಂದು ಬಸ್ ಹಿಡಿಯುತ್ತೇವೆ.

ದಿನಾ ಬೆಳಿಗ್ಗೆ ಮಷಿನ್ ಹಾಕಿದ ಮೇಲೆ ನಾನು ಬಾಯಿ ಕಾಣದ ಹಾಗೆ ಅಡ್ಡ ಹಿಡಿದು ಆರು ಸದ್ದು ಹೇಳುತ್ತೇನೆ: ಆ, ಈ, ಊ, ಮ್, ಶ್, ಸ್. ಲಿಂಗ್ ಟೆಸ್ಟ್ ಅಂತಾರೆ. ಕೇಳಿದರೆ ಅವಳು ಡಬ್ಬಿಗೆ ಒಂದು ಅವರೆಕಾಳು ಹಾಕುತ್ತಾಳೆ. ಮಾರ್ಚಿನಲ್ಲಿ ಒಂದು ದಿನ ಒಂದು ಕಾಳೂ ಬೀಳಲಿಲ್ಲ. ಬ್ಯಾಟರಿ ಬದಲಿಸಿದೆ. ಬೀಳಲಿಲ್ಲ. ಪ್ರೊಸೆಸರ್ರೇ ಹೋಗಿತ್ತು.

ಅವತ್ತಿನಿಂದ 47 ದಿನ ಕಾದೆವು. ರಿಪೇರಿಗೆ ಅರ್ಜಿ ಕೊಟ್ಟೆ. ಫೈಲ್ ಮೇಲೆ ಹೋಗಿದೆ, ಸೋಮವಾರ ಬನ್ನಿ ಅಂದರು. ಸೋಮವಾರ ಹೋದರೆ ಸಾಹೇಬರು ಮೀಟಿಂಗಲ್ಲಿ. ಐದನೇ ಸಲ ಹೋದಾಗ ಅಲ್ಲಿನವರೊಬ್ಬರು ಎದ್ದು ಬಂದು, ನನ್ನ ಮಗಳ ಬೆನ್ನ ಹಿಂದೆ ನಿಂತು ಜೋರಾಗಿ ಚಪ್ಪಾಳೆ ಹೊಡೆದರು. ಅವಳು ತಿರುಗಲಿಲ್ಲ. ಹೇಗೆ ತಿರುಗುತ್ತಾಳೆ, ಮಷಿನ್ ಕೆಟ್ಟಿದೆ ಅಂತಲೇ ಅಲ್ವಾ ನಾನು ಬಂದಿದ್ದು! ಅವರು ಪಕ್ಕದವರಿಗೆ "ಆಪರೇಷನ್ ಮಾಡಿಸಿಯೂ ಇಷ್ಟೇ ನೋಡಿ" ಅಂದರು. ಅಲ್ಲಿ ಕೂತವರು ನಕ್ಕರು. ಮಗಳು ಅವರ ಮುಖ ನೋಡಿ ತಾನೂ ನಕ್ಕಳು. ಸಾರ್, ಆ ನಗು ನನಗೆ ರಾತ್ರಿ ನಿದ್ದೆ ಕೊಡುತ್ತಿಲ್ಲ.

ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಹುಟ್ಟುಕಿವುಡಿನ ಮಕ್ಕಳ ಆಪರೇಷನ್ನಿಗೆ 5 ವರ್ಷದ ಮಿತಿ ಇದೆ. ಯಾಕೆ? ಚಿಕ್ಕ ವಯಸ್ಸಲ್ಲಿ ಮಿದುಳು ಸದ್ದನ್ನು ಬೇಗ ಕಲಿಯುತ್ತದೆ, ತಡವಾದಷ್ಟೂ ಕಷ್ಟ ಅಂತ ತಾನೇ? ಆಗ ನಮ್ಮನ್ನು ಓಡಿಸುತ್ತೀರಿ, ಬೇಗ ಬೇಗ ಅಂತೀರಿ. ಆಮೇಲೆ ಫೈಲಿಗೆ ಮಾತ್ರ ವಯಸ್ಸೇ ಆಗುವುದಿಲ್ಲವಾ?

ಸನ್ನೆ ಭಾಷೆಯನ್ನು ನಾನು ಕಡಿಮೆ ಅನ್ನುವುದಿಲ್ಲ, ಅದೂ ಭಾಷೆಯೇ. ಆದರೆ ನಮಗೆ ಈ ದಾರಿ ತೋರಿಸಿದ್ದು ನೀವೇ. ಅರ್ಧ ದಾರೀಲಿ ಕೈಬಿಟ್ಟರೆ ಅವಳಿಗೆ ಆ ಭಾಷೆಯೂ ಇಲ್ಲ, ಈ ಭಾಷೆಯೂ ಇಲ್ಲ.

ಕೊನೆಗೆ ಓಲೆ, ಸರ ಅಡವಿಟ್ಟು, ನಾದಿನಿ ಹತ್ತಿರ ಸಾಲ ಮಾಡಿ ನಾವೇ ಸರಿಮಾಡಿಸಿದೆವು. ಮಷಿನ್ ಕೆಡುವ ಮುಂಚೆ ಅವಳು "ಅಜ್ಜಿಗೆ", "ಮನೆಗೆ" ಅನ್ನಲು ಕಲಿತಿದ್ದಳು. ಮಾತಿನ ಕೊನೆಯಲ್ಲಿ ಮೆಲ್ಲಗೆ ಬರುವ ಆ "ಗೆ" ಅವಳ ಕಿವಿಗೆ ಬೀಳಲು ಎಂಟು ತಿಂಗಳು ಬೇಕಾಗಿತ್ತು. ಈಗ ಮತ್ತೆ ಬರೀ "ಅಜ್ಜಿ" ಅಂದು ಕೈ ತೋರಿಸುತ್ತಾಳೆ.

ಒಂದು ವಾರದಲ್ಲಿ ರಿಪೇರಿ, ಇಲ್ಲವೇ ಬದಲಿ ಮಷಿನ್. ಅಷ್ಟೇ ಸಾರ್. ಬಾಯಿಮಾತಿನ ಭರವಸೆ ಬೇಡ, ಲಿಖಿತ ಆದೇಶ ಕೊಡಿ, ಪ್ರತಿ ಆಸ್ಪತ್ರೆಯ ಗೋಡೆಗೆ ಅಂಟಿಸಿ. ನನ್ನ ಹಾಗೆ ಬೆಂಚಿನ ಮೇಲೆ ಕಾಯುವ ತಾಯಂದಿರನ್ನು ನಾನು ಪ್ರತಿ ವಾರ ನೋಡುತ್ತೇನೆ. ಒಂದು ವಾರ. ದಯವಿಟ್ಟು.

ಇಂತಿ,
ಒಬ್ಬ ತಾಯಿ
ಲಗ್ಗೆರೆ, ಬೆಂಗಳೂರು